ಗೊತ್ತಿಲ್ಲದ ಗುಡ್ಡಗಾಡಿನಲ್ಲಿ ಕಾಡುಹಂದಿ ಬೇಟೆ: ಟೆಕ್ಸಸ್‌ನ ಯಾವ ಸೀಮೆ, ಯಾವ ಪದ್ಧತಿ?

ಟೆಕ್ಸಸ್‌ನ 254 ಕೌಂಟಿಗಳಲ್ಲಿ ಬಹುತೇಕ ಎಲ್ಲದರಲ್ಲೂ ಕಾಡುಹಂದಿ ಇದೆ. ಬೆಳೆ ಹಾಳುಮಾಡುವ ಹೊರಗಿನ ಪ್ರಾಣಿಯೆಂದು ಲೆಕ್ಕವಾದ್ದರಿಂದ ಖಾಸಗಿ ಜಮೀನಿನಲ್ಲಿ ಅದಕ್ಕೆ ಹಂಗಾಮಿಲ್ಲ, ಇಷ್ಟೇ ಹೊಡೆಯಬೇಕೆಂಬ ಮಿತಿಯೂ ಇಲ್ಲ. ಹಾಗಾಗಿ ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆಯ ಕನ್ನಡಿಗರು ಮೊದಲ ಸಲ ಹೊರಡುವಾಗ "ಹಂದಿ ಎಲ್ಲಿ ಜಾಸ್ತಿ?" ಎಂದು ಕೇಳುತ್ತಾರೆ. ನೆಲ ಗೊತ್ತಿಲ್ಲದವರು ಮೊದಲು ಕೇಳಬೇಕಾದ್ದು ಬೇರೆ: ಬಿದ್ದ ಹಂದಿ ಎಷ್ಟು ಹೊತ್ತಿಗೆ ಐಸು ಸೇರುತ್ತದೆ? ಸೀಮೆ, ತಿಂಗಳು, ಗೈಡ್ ಬೇಕೋ ಬೇಡವೋ ಎಂಬುದೆಲ್ಲ ಈ ಲೆಕ್ಕದಿಂದಲೇ ತೀರ್ಮಾನವಾಗಬೇಕು.

150 ಪೌಂಡಿನ ಹಂದಿ ಎಂದಿಟ್ಟುಕೊಳ್ಳಿ. ಗುಂಡು ಹೊಡೆದ ಮೇಲೆ ಅರ್ಧ ಗಂಟೆ ಕಾಯಬೇಕು. ಯಾಕೆಂಬುದು ಮುಂದೆ ಬರುತ್ತದೆ. ಹೊಸ ಕೈಗೆ ಚರ್ಮ ಸುಲಿದು ನಾಲ್ಕು ಕಾಲು, ಬೆನ್ನಿನ ಎರಡು ಪಟ್ಟಿ ಬಿಡಿಸಲು ಒಂದು ಗಂಟೆ ಹಿಡಿಯುತ್ತದೆ. ಮೂಳೆ ಸಮೇತ 60–70 ಪೌಂಡ್ ಹೊರೆ. ಖಾಲಿ ಕೈಯಲ್ಲಿ ಗಂಟೆಗೆ ಎರಡು ಮೈಲಿ ನಡೆಯುವವರು ಹೊರೆ ಹೊತ್ತು ಕಲ್ಲುಗುಡ್ಡದಲ್ಲಿ ಒಂದು ಮೈಲಿ ನಡೆದರೆ ದೊಡ್ಡದು. ಗಾಡಿ ಒಂದು ಮೈಲಿ ದೂರದಲ್ಲಿದ್ದರೆ ಇಬ್ಬರಿಗೆ ಎರಡೂವರೆ–ಮೂರು ಗಂಟೆ. ಒಬ್ಬರೇ ಎರಡು ಸಲ ಹೊರಬೇಕಾದರೆ ನಾಲ್ಕೈದು ಗಂಟೆ, ಅದರಲ್ಲಿ ಅರ್ಧ ಕತ್ತಲಲ್ಲಿ. ಫೆಬ್ರವರಿಯ 45 ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ ಇದು ನಡೆಯುತ್ತದೆ. ಜೂನ್‌ನ 95 ಡಿಗ್ರಿಯಲ್ಲಿ ತೊಡೆಯ ಮೂಳೆಯ ಸುತ್ತ ಮಾಂಸ ಹುಳಿ ವಾಸನೆ ಹೊಡೆಯಲು ಎರಡು–ಮೂರು ಗಂಟೆ ಸಾಕು.

ಮೊದಲು ಕಾಗದಪತ್ರ

2019ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಹಂದಿ ಬೇಟೆಗೆ ಲೈಸೆನ್ಸ್ ಬೇಕಿಲ್ಲ. ಇದನ್ನು ಕೇಳಿ ನಮ್ಮವರಲ್ಲಿ ಹಲವರು ಲೈಸೆನ್ಸ್ ಇಲ್ಲದೆ ಹೊರಟುಬಿಡುತ್ತಾರೆ. ಎಚ್-1ಬಿ, ಎಚ್-4, ಎಫ್-1, ಪ್ರವಾಸಿ ವೀಸಾದವರು ಇಲ್ಲಿ ನಿಲ್ಲಬೇಕು. ವಲಸೆಯಲ್ಲದ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಅದಕ್ಕಿರುವ ಮುಖ್ಯ ವಿನಾಯಿತಿ, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಗೆಳೆಯನ ಬಂದೂಕನ್ನು ಐದು ನಿಮಿಷ ಕೈಯಲ್ಲಿ ಹಿಡಿದರೂ ಹೊಂದಿದಂತೆಯೇ. ರಾಜ್ಯ ಕೇಳದಿದ್ದರೂ ನೀವು ಲೈಸೆನ್ಸ್ ಮಾಡಿಸಿಕೊಂಡೇ ಹೋಗಬೇಕು; ಇಲ್ಲದಿದ್ದರೆ ದಂಡದ ಜೊತೆ ವೀಸಾಕ್ಕೇ ಕುತ್ತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

ಟೆಕ್ಸಸ್‌ನಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಸತತವಾಗಿ ನೆಲೆಸಿದ್ದರೆ ನಿವಾಸಿ ದರ: 25 ಡಾಲರ್. ಹೊರರಾಜ್ಯದವರಿಗೆ ಐದು ದಿನದ ವಿಶೇಷ ಲೈಸೆನ್ಸ್ 48 ಡಾಲರ್, ಹಂದಿಗೆ ಅದು ಸಾಕು. ಲೈಸೆನ್ಸ್ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಜುಲೈಯಲ್ಲಿ ತೆಗೆದುಕೊಂಡರೆ ಒಂದೆರಡು ತಿಂಗಳಷ್ಟೇ ಚಾಲ್ತಿ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ಹದಿನೇಳು ತುಂಬಿದವರಿಗೆ ಆನ್‌ಲೈನ್‌ನಲ್ಲೇ ಆಗುತ್ತದೆ.

ಊರಲ್ಲಿ ಇದನ್ನೇ ಮಾಡಬಹುದೇ ಎಂದು ಯೋಚಿಸುವವರಿಗೆ ಒಂದು ಮಾತು. ಕರ್ನಾಟಕದಲ್ಲಿ ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಕೊಡಗಿನವರಿಗೆ ಇರುವ ಕೋವಿ ವಿನಾಯಿತಿ ಕೋವಿ ಇಟ್ಟುಕೊಳ್ಳಲು ಮಾತ್ರ, ಶಿಕಾರಿಗಲ್ಲ.

ಅಮೆರಿಕದಲ್ಲೂ ಎಲ್ಲ ರಾಜ್ಯ ಒಂದೇ ಅಲ್ಲ. ಕಾನ್ಸಾಸ್‌ನಲ್ಲಿ ಹವ್ಯಾಸಕ್ಕೆ ಹಂದಿ ಹೊಡೆಯುವುದೇ ಕಾನೂನುಬಾಹಿರ. ಮಿಸ್ಸೌರಿಯ ಮಾರ್ಕ್ ಟ್ವೈನ್ ರಾಷ್ಟ್ರೀಯ ಅರಣ್ಯದಲ್ಲಿ ಹಂದಿಗೆಂದೇ ಬೇಟೆಗೆ ಹೋಗುವಂತಿಲ್ಲ. ಹಿಂಡು ಚದುರಿ ಹೊಸ ಜಾಗಕ್ಕೆ ಹಬ್ಬುತ್ತದೆ, ಬೇಟೆಯ ಆಸೆಗೆ ಜನ ಹಂದಿ ತಂದು ಬಿಡುತ್ತಾರೆ ಎಂಬುದು ಅವರ ಕಾರಣ. ಸರಿಯಾದ ಕಾರಣವೇ.

ಹಿಲ್ ಕಂಟ್ರಿ: ಕಲ್ಲು, ಸೀಡರ್, ಗಾಳಿ

ಲಾನೊ, ಮೇಸನ್, ಮೆನಾರ್ಡ್, ಜಂಕ್ಷನ್ ಸುತ್ತಮುತ್ತಲ ನೆಲ ಆಸ್ಟಿನ್‌ನಿಂದ ಒಂದೂವರೆಯಿಂದ ಮೂರು ಗಂಟೆಯ ದಾರಿ. ಮೆಟ್ಟಿಲು ಮೆಟ್ಟಿಲಾಗಿ ಒಡೆದ ಸುಣ್ಣಕಲ್ಲು, ಲಾನೊ ಬಳಿ ಗ್ರಾನೈಟ್, ಇಳಿಜಾರಿನಲ್ಲಿ ಸ್ಥಳೀಯರು ಸೀಡರ್ ಎನ್ನುವ ಜ್ಯೂನಿಪರ್ ಪೊದೆ, ಕೆಳಗೆ ಹಳ್ಳ ಮತ್ತು ಲೈವ್ ಓಕ್. ಹಂದಿಗಳು ಹಗಲು ಸೀಡರ್ ನೆರಳಲ್ಲಿ ಮಲಗಿದ್ದು ಸಂಜೆ ಹಳ್ಳಕ್ಕೆ ಇಳಿಯುತ್ತವೆ.

ಹೊಸಬರು ಇಲ್ಲಿ ಸೋಲುವುದು ಗಾಳಿಯಿಂದ. ಹಂದಿಗೆ ಕಣ್ಣು ಮಂದ, ಮೂಗು ಬಲು ಚುರುಕು. ಸಂಜೆ ತಂಪಾದ ಗಾಳಿ ಇಳಿಜಾರಿನಿಂದ ಹಳ್ಳಕ್ಕೆ ಜಾರಿ, ಆಮೇಲೆ ಹಳ್ಳದ ಹರಿವಿನ ದಿಕ್ಕಿಗೇ ಸಾಗುತ್ತದೆ. ನೋಟ ಚೆನ್ನಾಗಿದೆಯೆಂದು ಗುಡ್ಡದ ಮೇಲೆ ಕೂತರೆ ನಿಮ್ಮ ವಾಸನೆ ನೇರ ಕೆಳಗಿಳಿದು ಹಂದಿಯ ಮುಂದೆ ನಿಲ್ಲುತ್ತದೆ. ಸಂಜೆ ಕೂರಬೇಕಾದ್ದು ಅವು ಇಳಿಯುವ ಜಾಗಕ್ಕಿಂತ ಹಳ್ಳದ ಕೆಳಹರಿವಿನ ಕಡೆ. ಬೆಳಿಗ್ಗೆಯೂ ಬಿಸಿಲು ಇಳಿಜಾರಿಗೆ ಬಿದ್ದು ಒಂದು ಗಂಟೆಯಾಗುವ ತನಕ ಕೆಳಗೇ ಇರಿ. ಗಾಳಿ ಮೇಲೇರತೊಡಗಿದ ಮೇಲೆ ಗುಡ್ಡ ಹತ್ತಿ. ಒಂದು ಸಣ್ಣ ಸೀಸೆಯಲ್ಲಿ ಟಾಲ್ಕಂ ಪೌಡರ್ ಇಟ್ಟುಕೊಂಡು ಹತ್ತು ನಿಮಿಷಕ್ಕೊಮ್ಮೆ ಚಿಟಿಕೆ ಹಾರಿಸಿದರೆ ಗಾಳಿಯ ದಾರಿ ಕಣ್ಣಿಗೇ ಕಾಣುತ್ತದೆ. ಎರಡು ಹಳ್ಳ ಸೇರುವ ಕಡೆ ಗಾಳಿ ಸುತ್ತು ಹೊಡೆಯುತ್ತದೆ. ಹೆಜ್ಜೆ ಎಷ್ಟೇ ಇರಲಿ, ಅಲ್ಲಿ ಕೂರಬೇಡಿ.

ಹೆಜ್ಜೆ ನೋಡುವಾಗ ಜಿಂಕೆಯದು ಮುಂದೆ ಚೂಪು, ಹಂದಿಯದು ಗುಂಡು. ಇನ್ನೂ ನಂಬಿಕೆಯ ಗುರುತೆಂದರೆ ಹಳ್ಳದ ಪಕ್ಕದ ಮರಕ್ಕೆ ಮೈ ಉಜ್ಜಿದ ಕೆಸರು. ಬೆರಳಿಗೆ ಹಸಿಯಾಗಿ ಅಂಟಿದರೆ ರಾತ್ರಿಯದು. ಒಣಗಿ ಪುಡಿಯಾಗಿ ಉದುರಿದರೆ ಆ ಹಿಂಡು ಬೇರೆ ಕಡೆ ಹೋಗಿರಬಹುದು. ಕೆಸರು ಮೊಣಕಾಲಿಗಿಂತ ಮೇಲಿದ್ದರೆ ದೊಡ್ಡ ಗಂಡು ಓಡಾಡುತ್ತಿದೆ.

ಅಪಾಯ ಮೂರು. ಕಲ್ಲಿನ ಅಂಚಿಗೆ ನೋಡದೆ ಕೈ ಹಾಕಿದರೆ ರ್‍ಯಾಟಲ್ ಹಾವು. ಸುಣ್ಣಕಲ್ಲಿಗೆ ತಗುಲಿದ ಗುಂಡು ಎತ್ತ ಬೇಕಾದರೂ ಚಿಮ್ಮುತ್ತದೆ, ಹಾಗಾಗಿ ಹಂದಿಯ ಹಿಂದೆ ಮಣ್ಣು ಕಾಣದಿದ್ದರೆ ಹೊಡೆಯಬಾರದು. ಮೂರನೆಯದು ನೀರು: ಒಣಗಿದ ಹಳ್ಳದ ಪಾತ್ರ ಸಮತಟ್ಟಾಗಿದೆಯೆಂದು ಟೆಂಟ್ ಹಾಕಬೇಡಿ. 2025ರ ಜುಲೈ 4ರಂದು ಗ್ವಾಡಲೂಪ್ ನದಿ ಏರಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಇದೇ ಹಿಲ್ ಕಂಟ್ರಿಯಲ್ಲಿ.

ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಓಕ್ ಕಾಯಿ ಉದುರುವಾಗ ಹಂದಿ ಮೇವಿನ ಡಬ್ಬಿಯಾದ ಫೀಡರ್‌ನ ಜೋಳವನ್ನು ಮೂಸಿಯೂ ನೋಡುವುದಿಲ್ಲ. ನವೆಂಬರ್‌ನಿಂದ ಜನವರಿಯ ಆರಂಭದವರೆಗೆ, ದುಡ್ಡು ಪಡೆದು ಬೇಟೆಗೆ ಬಿಡುವ ಖಾಸಗಿ ಜಮೀನುಗಳಾದ ರ್‍ಯಾಂಚ್‌ಗಳು ಜಿಂಕೆ ಬೇಟೆಯವರಿಗೆ ಮೀಸಲು. ಹಿಲ್ ಕಂಟ್ರಿಗೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ದರವೂ ಇಳಿದಿರುತ್ತದೆ, ಮಾಂಸವೂ ಕೆಡುವುದಿಲ್ಲ.

ದಕ್ಷಿಣದ ಮುಳ್ಳುಕಾಡು

ಸ್ಯಾನ್ ಆಂಟೋನಿಯೊದಿಂದ ಕೆಳಗೆ ನೆಲ ಹೆಚ್ಚುಕಡಿಮೆ ಸಮತಟ್ಟು, ಆದರೆ ಮೆಸ್ಕೀಟ್ ಮತ್ತು ಇತರ ಮುಳ್ಳುಪೊದೆಗಳಲ್ಲಿ ಹತ್ತು ಗಜ ಆಚೆ ಕಾಣುವುದಿಲ್ಲ. ಪೊದೆಯ ನಡುವೆ ಬುಲ್ಡೋಜರ್‌ನಲ್ಲಿ ಕಡಿದ ನೇರ ದಾರಿಗಳಿಗೆ ಸೆಂಡೆರೊ ಎನ್ನುತ್ತಾರೆ. ಅಟ್ಟಣೆಯ ಮೇಲೆ ಕೂತು ಅದನ್ನು ದಾಟುವ ಹಂದಿಗೆ ಕಾಯುವುದೇ ಇಲ್ಲಿನ ಪದ್ಧತಿ. ಗಾಡಿ ಸೆಂಡೆರೊ ತನಕ ಬರುವುದರಿಂದ ಐಸಿನ ಲೆಕ್ಕದಲ್ಲಿ ಈ ಸೀಮೆಗೇ ಮೊದಲ ಸ್ಥಾನ. ಗಾಯವಾದ ಹಂದಿ ಮುಳ್ಳಿನೊಳಗೆ ನುಗ್ಗಿದರೆ ಮಾತ್ರ ತೆವಳಿಕೊಂಡು ಹಿಂದೆ ಹೋಗುವಂತಿಲ್ಲ, ಅಲ್ಲಿ ಅದರ ಮುಖ ನಿಮ್ಮ ಮುಖದ ಮಟ್ಟದಲ್ಲಿರುತ್ತದೆ.

ಇಲ್ಲಿ ಹೆಚ್ಚಾಗಿ ಆಗುವ ಒಂದು ಎಡವಟ್ಟು ಇದೆ. ಹವಲೀನಾ ಎಂಬ ಪ್ರಾಣಿ ದೂರದಿಂದ ಥೇಟ್ ಹಂದಿ. ಅದು ರಕ್ಷಿತ ಬೇಟೆಪ್ರಾಣಿ. ಲೈಸೆನ್ಸ್ ಬೇಕು, ವರ್ಷಕ್ಕೆ ಎರಡರ ಮಿತಿ. ಕತ್ತಿನ ಸುತ್ತ ತಿಳಿ ಬಣ್ಣದ ಪಟ್ಟಿ, ಕಣ್ಣಿಗೆ ಬೀಳದಷ್ಟು ಮೋಟು ಬಾಲ, 40–50 ಪೌಂಡ್ ಗಾತ್ರ ಕಂಡರೆ ಬೆರಳು ಟ್ರಿಗರ್‌ನಿಂದ ತೆಗೆಯಿರಿ. ಸಂದೇಹವಿದ್ದರೆ ಬಾಲ ಕಾಣುವ ತನಕ ಕಾಯಿರಿ.

ಪೂರ್ವದ ನದಿಬಯಲು: ಅಗ್ಗ, ಆದರೆ ಬೆವರು ಜಾಸ್ತಿ

ಟೆಕ್ಸಸ್‌ನ ನೆಲದಲ್ಲಿ ಶೇ. 95ಕ್ಕೂ ಹೆಚ್ಚು ಖಾಸಗಿ. ಉಳಿದದ್ದರಲ್ಲಿ ಒಂದು ಪಾಲು ಪೂರ್ವದ ಸ್ಯಾಮ್ ಹ್ಯೂಸ್ಟನ್, ಡೇವಿ ಕ್ರಾಕೆಟ್, ಆಂಜಲೀನಾ, ಸಬೀನ್ ರಾಷ್ಟ್ರೀಯ ಅರಣ್ಯಗಳು. ಹ್ಯೂಸ್ಟನ್‌ನವರಿಗೆ ಹತ್ತಿರದ್ದು ಸುಮಾರು 1,63,000 ಎಕರೆಯ ಸ್ಯಾಮ್ ಹ್ಯೂಸ್ಟನ್. ಸಾರ್ವಜನಿಕ ನೆಲದಲ್ಲಿ ಲೈಸೆನ್ಸ್ ಎಲ್ಲರಿಗೂ ಕಡ್ಡಾಯ. ಸ್ಯಾಮ್ ಹ್ಯೂಸ್ಟನ್‌ನಲ್ಲಿ ಜೊತೆಗೆ 48 ಡಾಲರಿನ ವಾರ್ಷಿಕ ಸಾರ್ವಜನಿಕ ಬೇಟೆ ಪರವಾನಗಿಯೂ ಬೇಕು. ರಾತ್ರಿ ಬೇಟೆ ಇಲ್ಲ, ಮೇವು ಹಾಕುವಂತಿಲ್ಲ. ಹಲವು ಕಡೆ ಬೇರೆ ಪ್ರಾಣಿಯ ಹಂಗಾಮು ನಡೆಯುವಾಗ, ಆ ಹಂಗಾಮಿಗೆ ಒಪ್ಪಿದ ಆಯುಧದಲ್ಲಿ ಮಾತ್ರ ಹಂದಿ ಹೊಡೆಯಬಹುದು. ಎದೆಗೆ ಕನಿಷ್ಠ 144, ಬೆನ್ನಿಗೆ ಕನಿಷ್ಠ 144 ಸೇರಿ ಒಟ್ಟು ಕನಿಷ್ಠ 400 ಚದರ ಇಂಚಿನ ಹೊಳೆಯುವ ಕಿತ್ತಳೆ ಬಟ್ಟೆ ಮತ್ತು ಟೋಪಿ ಹಾಕಬೇಕು. ಇದನ್ನು ಉದಾಸೀನ ಮಾಡಬೇಡಿ, ಪಕ್ಕದ ಪೊದೆಯಲ್ಲಿ ನಿಮಗೆ ಕಾಣದ ಇನ್ನೊಬ್ಬ ಬೇಟೆಗಾರ ಇರುತ್ತಾನೆ.

ಟ್ರಿನಿಟಿ, ನೆಚಸ್ ನದಿಗಳ ಬಯಲಲ್ಲಿ ಎತ್ತರದ ಗುರುತೇ ಇಲ್ಲ. ನಾಲ್ಕು ದಿಕ್ಕೂ ಒಂದೇ ಥರ ಪೈನ್, ಪಾಲ್ಮೆಟೊ, ಕೆಸರು. ಮೊಬೈಲ್ ಸಿಗ್ನಲ್ ಇಲ್ಲದಾಗಲೂ ತೆರೆಯುವಂತೆ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ, ಗಾಡಿ ನಿಲ್ಲಿಸಿದ ಜಾಗಕ್ಕೆ ಪಿನ್ ಹಾಕಿ, ಜೊತೆಗೊಂದು ದಿಕ್ಸೂಚಿ ಇರಲಿ. ಅರಣ್ಯದ ಒಳಗೇ ಅಲ್ಲಲ್ಲಿ ಖಾಸಗಿ ತುಂಡುಗಳಿವೆ. ಮರದ ಮೇಲೆ ನೆಲದಿಂದ ಮೂರರಿಂದ ಐದು ಅಡಿ ಎತ್ತರದಲ್ಲಿ ನೇರಳೆ ಬಣ್ಣದ ನಿಂತ ಪಟ್ಟಿ ಕಂಡರೆ, ಕಾನೂನಿನ ಪ್ರಕಾರ ಅದು "ಒಳಗೆ ಬರಬೇಡ" ಎಂಬ ಫಲಕವೇ. ಬಣ್ಣ ಹಳೆಯದಾಗಿ ಮಾಸಿರಬಹುದು, ನೋಡಿ ನಡೆಯಿರಿ.

ರಕ್ತ ಹೀರುವ ಉಣ್ಣಿಯ ಕಾಟ ಇಲ್ಲಿ ವಿಪರೀತ. ಲೋನ್ ಸ್ಟಾರ್ ಎಂಬ ಉಣ್ಣಿ ಕಚ್ಚಿದರೆ ಕೆಲವರಿಗೆ ಕೆಂಪು ಮಾಂಸಕ್ಕೇ ಅಲರ್ಜಿ ಹತ್ತುತ್ತದೆ. ಹಂದಿ ಬೇಟೆಗೆ ಹೋದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಏನಿದೆ! ಹೊರಡುವ ಹಿಂದಿನ ದಿನ ಪ್ಯಾಂಟು, ಸಾಕ್ಸ್, ಬೂಟಿಗೆ ಶೇ. 0.5ರ ಪರ್ಮೆಥ್ರಿನ್ ಸಿಂಪಡಿಸಿ ಪೂರ್ತಿ ಒಣಗಿಸಿ. ಅದು ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ.

ಹಣ ಕಡಿಮೆ, ಕಾಲಿಗೆ ಶಕ್ತಿ ಇದೆ, ಒಂದೆರಡು ಸಲ ಬರಿಗೈಯಲ್ಲಿ ವಾಪಸಾದರೂ ಬೇಸರವಿಲ್ಲ ಎನ್ನುವವರಿಗೆ ಈ ಸೀಮೆ. ಗಾಡಿಯಿಂದ ಅರ್ಧ ಮೈಲಿಗಿಂತ ಆಚೆ ಹೊಡೆಯುವುದಿಲ್ಲ ಎಂದು ಮೊದಲೇ ನಿರ್ಧರಿಸಿಕೊಂಡು ಹೋಗಿ.

ಕ್ಯಾಲಿಫೋರ್ನಿಯಾದವರಿಗೆ

ಬೇ ಏರಿಯಾದವರು ಟೆಕ್ಸಸ್ ತನಕ ಹಾರಬೇಕಿಲ್ಲ. ಮಾಂಟೆರೆ, ಸ್ಯಾನ್ ಬೆನಿಟೊ, ಸ್ಯಾನ್ ಲೂಯಿಸ್ ಒಬಿಸ್ಪೊ ಕೌಂಟಿಗಳ ಓಕ್ ಗುಡ್ಡಗಳಲ್ಲಿ ಹಂದಿ ಬೇಕಾದಷ್ಟಿದೆ, ಬಹುಪಾಲು ಖಾಸಗಿ ನೆಲದಲ್ಲಿ. ಇಳಿಜಾರು ಹಿಲ್ ಕಂಟ್ರಿಗಿಂತ ಕಡಿದು, ಪಾಯ್ಸನ್ ಓಕ್ ಗಿಡದ ತುರಿಕೆ ಬೇರೆ. ಲೈಸೆನ್ಸ್ ಜೊತೆ 2024ರ ಜುಲೈಯಿಂದ ಹಂದಿಗೊಂದು ಟ್ಯಾಗ್ (ಪರವಾನಗಿ ಚೀಟಿ) ಬದಲು ವರ್ಷಕ್ಕೊಂದು ವ್ಯಾಲಿಡೇಶನ್ (ಲೈಸೆನ್ಸ್ ಮೇಲಿನ ಅನುಮತಿ) ಸಾಕು. 2019ರ ಜುಲೈ 1ರಿಂದ ರಾಜ್ಯದಾದ್ಯಂತ ಬೇಟೆಗೆ ಸೀಸದ ಗುಂಡು ನಿಷಿದ್ಧ. ತಾಮ್ರದ ಗುಂಡಿಗೆ ಬದಲಾಯಿಸಿದರೆ ಗುರಿ ಹೊಸದಾಗಿ ಹೊಂದಿಸಬೇಕು. ಸೀಸದ ಗುಂಡಿನಲ್ಲಿ ಹೊಂದಿಸಿದ ಸ್ಕೋಪ್ ತಾಮ್ರದ್ದನ್ನು ಕೆಲವು ಇಂಚು ಪಕ್ಕಕ್ಕೆ ಒಯ್ಯಬಹುದು.

ಗೈಡ್, ಅರ್ಧ ಗೈಡ್, ಸ್ವಂತ

ನೆಲ ಹೊಸದಾದರೆ ನಮ್ಮ ಶಿಫಾರಸು ಅರ್ಧ ಗೈಡ್ ವ್ಯವಸ್ಥೆ. ರ್‍ಯಾಂಚ್‌ನವರು ಗಾಡಿಯಲ್ಲಿ ಅಟ್ಟಣೆಗೆ ಬಿಡುತ್ತಾರೆ, ಕಾಯುವುದು, ಹೊಡೆಯುವುದು ನಿಮ್ಮದು, ಹಂದಿ ಹೊರುವುದು ಮತ್ತೆ ಅವರದು. ಪೂರ್ತಿ ಗೈಡ್‌ಗಿಂತ ಅಗ್ಗ, ಕಷ್ಟದ ಹೊರೆಯ ಪಾಲು ತಪ್ಪುತ್ತದೆ. ಮುಂಗಡ ಕೊಡುವ ಮುನ್ನ ಕೇಳಿ: ಮಾಂಸ ನೇತುಹಾಕಲು ಶೀತಲ ಕೋಣೆ ಇದೆಯೇ? ಗಾಯವಾಗಿ ತಪ್ಪಿಸಿಕೊಂಡ ಹಂದಿಗೂ ದುಡ್ಡು ಲೆಕ್ಕವೇ? ದೊಡ್ಡ ಕೋರೆಯ ಗಂಡಿಗೆ ಬೇರೆ ದರವೇ? ಅದೇ ದಿನ ಇನ್ನೆಷ್ಟು ಜನ, ಯಾವ ದಿಕ್ಕಿಗೆ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಈ ಭಾಗದಲ್ಲಿ ವಾರ್ಫರಿನ್ ವಿಷದ ಮೇವು ಇಟ್ಟಿದ್ದಾರೆಯೇ? ಕೊನೆಯದಕ್ಕೆ ಕಾರಣ, ಆ ಮೇವಿನಲ್ಲಿ ಬೆರೆಸಿದ ಬಣ್ಣ ಹಂದಿಯ ಕೊಬ್ಬನ್ನು ನೀಲಿ ಮಾಡುತ್ತದೆ. ಚರ್ಮ ಸುಲಿದಾಗ ನೀಲಿ ಕೊಬ್ಬು ಕಂಡರೆ ಆ ಮಾಂಸ ತಿನ್ನಬೇಡಿ.

ಪದ್ಧತಿಗಳಲ್ಲಿ ಫೀಡರ್ ಮುಂದೆ ಅಟ್ಟಣೆ ಕಾಯುವುದು ಹೊಸಬರಿಗೆ ಸುರಕ್ಷಿತ: ದೂರ ಗೊತ್ತಿರುತ್ತದೆ, ಹಿಂದಿನ ನೆಲ ನೋಡಿಟ್ಟಿರಬಹುದು. ಹೆಜ್ಜೆ ಹಿಡಿದು ನಡೆದು ಹೊಡೆಯುವುದು ರುಚಿಯ ಬೇಟೆ, ಆದರೆ ನೆಲ ಒಮ್ಮೆ ತುಳಿದು ನೋಡಿದವರಿಗೆ. ದೇಹದ ಬಿಸಿಯನ್ನು ತೋರಿಸುವ ಥರ್ಮಲ್ ಸ್ಕೋಪ್‌ನ ರಾತ್ರಿ ಬೇಟೆ ಖಾಸಗಿ ನೆಲದಲ್ಲಿ ಕಾನೂನುಬದ್ಧ, ಫಲವೂ ಹೆಚ್ಚು; ಆದರೆ ಥರ್ಮಲ್‌ನಲ್ಲಿ ಕರುವೂ ನಾಯಿಯೂ ಹಂದಿಯೂ ಬಿಳಿ ಮಚ್ಚೆ, ತಂತಿಬೇಲಿಯೂ ಕಲ್ಲಿನ ಅಂಚೂ ಸರಿಯಾಗಿ ಕಾಣುವುದಿಲ್ಲ, ದೂರದ ಅಂದಾಜೂ ತಪ್ಪುತ್ತದೆ. ಗುಡ್ಡಗಾಡಿನಲ್ಲಿ ಗೈಡ್ ಇಲ್ಲದೆ ಅದು ಬೇಡ. ನಾಯಿ ಬೇಟೆ ನಾಯಿ ಸಾಕಿದವರ ಜೊತೆ ಹೋಗಿ ನೋಡುವಂಥದ್ದು. 2011ರಲ್ಲಿ ಕಾನೂನು ಒಪ್ಪಿದ ಹೆಲಿಕಾಪ್ಟರ್ ಬೇಟೆಗೆ ಸಾವಿರಗಟ್ಟಲೆ ಡಾಲರ್ ಸುರಿಯುವುದಕ್ಕೆ ನಮ್ಮ ಮತವಿಲ್ಲ. ಮಾಂಸ ಹೆಚ್ಚಾಗಿ ಬಯಲಲ್ಲೇ ಕೊಳೆಯುತ್ತದೆ.

ಎಲ್ಲಿ ಹೊಡೆಯಬೇಕು, ಯಾಕೆ ಕಾಯಬೇಕು

ತೆರೆದ ಗುಡ್ಡಕ್ಕೆ .308 ಬಂದೂಕಿನಲ್ಲಿ 150 ಗ್ರೇನ್ ತೂಕದ ಗುಂಡು, ಕಡಿಮೆ ಒದೆತ ಬೇಕಾದವರಿಗೆ .243ರಲ್ಲಿ 100 ಗ್ರೇನ್, ಪೂರ್ವದ ದಟ್ಟ ಕಾಡಿಗೆ .30-30. ವಿಮಾನದಲ್ಲಿ ಬಂದ ಬಂದೂಕಾದರೆ 100 ಗಜದಲ್ಲಿ ಮೂರು ಗುಂಡು ಹೊಡೆದು ಗುರಿ ಪರೀಕ್ಷಿಸದೆ ಕಾಡಿಗೆ ಇಳಿಯಬೇಡಿ.

ಜಿಂಕೆ ಹೊಡೆದು ಅಭ್ಯಾಸವಿರುವವರು ಹಂದಿಯಲ್ಲಿ ತಪ್ಪುತ್ತಾರೆ. ಹಂದಿಯ ಗುಂಡಿಗೆ, ಶ್ವಾಸಕೋಶ ಜಿಂಕೆಗಿಂತ ಮುಂದಕ್ಕೂ ಕೆಳಕ್ಕೂ ಇವೆ. ಭುಜದ ಹಿಂದೆ ನಡು ಎತ್ತರಕ್ಕೆ ಹೊಡೆದರೆ ಗುಂಡು ಹೊಟ್ಟೆ ಸೇರುತ್ತದೆ. ಪಕ್ಕಕ್ಕೆ ತಿರುಗಿ ನಿಂತಾಗ ಮುಂಗಾಲಿನ ಗೆರೆಯಲ್ಲೇ, ಮೈಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿಯಿಡಿ. ವಯಸ್ಸಾದ ಗಂಡಿನ ಭುಜದ ಮೇಲೆ ಗಟ್ಟಿ ಗುರಾಣಿಯಂಥ ಪದರ ಇರುತ್ತದೆ. ಬೇಗ ಒಡೆಯುವ ಹಗುರ ಗುಂಡು ಅಲ್ಲೇ ನಿಲ್ಲುತ್ತದೆ. ಹಿಂಡಿನಲ್ಲಿ ಹಿಂದೆ ಇನ್ನೊಂದು ನಿಂತಿದ್ದರೆ ಕಾಯಿರಿ, ದಾಟಿಹೋದ ಗುಂಡು ಅದನ್ನು ಗಾಯ ಮಾಡುತ್ತದೆ.

ಹೊಡೆದ ಮೇಲೆ ಅರ್ಧ ಗಂಟೆ ಅಲ್ಲಾಡಬೇಡಿ. ಕೊಬ್ಬು ತೂತನ್ನು ಮುಚ್ಚಿ, ದಪ್ಪ ಕೂದಲು ರಕ್ತ ಹೀರಿ, ನೆಲದ ಮೇಲೆ ಹನಿಯೂ ಬೀಳದಿರಬಹುದು. ಕೂಡಲೇ ಅಟ್ಟಿದರೆ ಗಾಯದ ಹಂದಿ ಇನ್ನೂ ಅರ್ಧ ಮೈಲಿ ಓಡುತ್ತದೆ, ನಿಮ್ಮ ಐಸಿನ ಲೆಕ್ಕ ಅಲ್ಲಿಗೆ ಮುಗಿಯಿತು. ಹೊಡೆದಾಗ ಅದು ನಿಂತಿದ್ದ ಜಾಗವನ್ನು ಒಂದು ಮರಕ್ಕೋ ಕಲ್ಲಿಗೋ ಹೊಂದಿಸಿ ನೆನಪಿಡಿ, ಅಲ್ಲಿ ಬಣ್ಣದ ಟೇಪ್ ಕಟ್ಟಿ, ಅಲ್ಲಿಂದ ಹುಡುಕಾಟ ಶುರು ಮಾಡಿ. ಸೀಡರ್ ಎಲೆಗಳ ಮೇಲೆ ಮೊಣಕಾಲೆತ್ತರದಲ್ಲಿ ಒರೆಸಿದ ರಕ್ತ ನೋಡಿ, ನೆಲವನ್ನಷ್ಟೇ ಅಲ್ಲ. ಹತ್ತಿರ ಹೋಗುವಾಗ ಬೆನ್ನಿನ ಕಡೆಯಿಂದ ಹೋಗಿ, ಕಣ್ಣಿಗೆ ಉದ್ದನೆಯ ಕಡ್ಡಿ ತಾಗಿಸಿ. ರೆಪ್ಪೆ ಅಲುಗಿದರೆ ಇನ್ನೊಂದು ಗುಂಡು.

ಮಾಂಸ

ಕೊಯ್ಯುವ ಮುನ್ನ ನೈಟ್ರೈಲ್ ಕೈಗವಸು, ಸಾಧ್ಯವಾದರೆ ಎರಡು ಜೊತೆ ಒಂದರ ಮೇಲೊಂದು. ಬ್ರುಸೆಲ್ಲೋಸಿಸ್ ಎಂಬ ಬ್ಯಾಕ್ಟೀರಿಯಾ ರೋಗ ಹಂದಿಯ ರಕ್ತ, ದ್ರವಗಳಿಂದ ಬೆರಳಿನ ಸಣ್ಣ ಗೀರಿನ ಮೂಲಕವೂ ಬರುತ್ತದೆ. ಗುಡ್ಡದಲ್ಲಿ ಕರುಳು ತೆಗೆಯುವ ಗೊಡವೆ ಬೇಡ. ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಕಡೆಯ ಚರ್ಮ ಬಿಡಿಸಿ, ಮುಂಗಾಲು, ಹಿಂಗಾಲು, ಬೆನ್ನಿನ ಪಟ್ಟಿ ತೆಗೆದು, ಮಗುಚಿ ಇನ್ನೊಂದು ಕಡೆ ಅದೇ ಮಾಡಿ. ತೊಡೆ ದಪ್ಪವಿದ್ದರೆ ಒಳಗಡೆಯಿಂದ ಮೂಳೆಯ ಉದ್ದಕ್ಕೆ ಸೀಳಿ ಬಿಸಿ ಹೊರಹೋಗಲು ಬಿಡಿ. ಹುಳಿ ವಾಸನೆ ಶುರುವಾಗುವುದು ಆ ಮೂಳೆಯ ಕೀಲಿನ ಹತ್ತಿರವೇ. ಗಾಳಿಯಾಡುವ ಬಟ್ಟೆ ಚೀಲದಲ್ಲಿ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿ ಮಾಂಸ ಬೆವರಿ ಕೆಡುತ್ತದೆ.

ಗಾಡಿಯಲ್ಲಿ ಒಂದು ಪೌಂಡ್ ಮಾಂಸಕ್ಕೆ ಒಂದು ಪೌಂಡ್ ಐಸು, ಬೇಸಿಗೆಯಾದರೆ ಒಂದೂವರೆ. ಕೂಲರ್‌ನ ತೂಬು ತೆರೆದು ಗಾಡಿಯನ್ನು ಸ್ವಲ್ಪ ಇಳಿಜಾರಿಗೆ ನಿಲ್ಲಿಸಿದರೆ ಕರಗಿದ ನೀರು ಹರಿದುಹೋಗುತ್ತದೆ. ಮಾಂಸ ನೀರಲ್ಲಿ ನೆನೆಯಬಾರದು.

ಕಾಡುಹಂದಿಯಲ್ಲಿ ಟ್ರೈಕಿನೆಲ್ಲಾ ಹುಳು ಇರಬಹುದು, ಫ್ರೀಜರ್‌ನಲ್ಲಿಟ್ಟರೆ ಸಾಯುತ್ತದೆಂದು ನಂಬುವಂತಿಲ್ಲ. ಒಳಗಿನ ಉಷ್ಣತೆ 160 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು. ಪಂದಿ ಕರಿಗೆ ಹೆಚ್ಚಿದ ತುಂಡುಗಳು ಗಂಟೆಗಟ್ಟಲೆ ಕುದಿಯುವುದರಿಂದ ಚಿಂತೆಯಿಲ್ಲ. ಬೆನ್ನಿನ ಪಟ್ಟಿಯನ್ನು ಕಬಾಬ್ ಮಾಡುವವರು ಮಾತ್ರ ಥರ್ಮಾಮೀಟರ್ ಚುಚ್ಚಿ ನೋಡಿ. ಹಸಿ ತುಂಡು ಮನೆಯ ನಾಯಿಗೆ ಹಾಕಬೇಡಿ. ಹಂದಿಯ ಸ್ಯೂಡೋರೇಬೀಸ್ ಎಂಬ ವೈರಸ್ ರೋಗ ಮನುಷ್ಯರಿಗೆ ಅಪಾಯವಲ್ಲದಿದ್ದರೂ ನಾಯಿಗೆ ಮಾರಕ. ಬೇಟೆಯ ನಂತರದ ವಾರಗಳಲ್ಲಿ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಕೀಲುನೋವು ಬಂದರೆ ಹಂದಿ ಕೊಯ್ದದ್ದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರಲ್ಲಿ ಬ್ರುಸೆಲ್ಲೋಸಿಸ್ ಇರಬಹುದೆಂದು ಅವರಿಗೆ ಹೊಳೆಯುವುದಿಲ್ಲ.